ರೆಕ್ಟಿಫೈಯರಿಗೆ ಬಳಿದ ಕೆಂಪು ಬಣ್ಣ

ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಕರೆಂಟನ್ನು ಡಿಸಿ ಮಾಡಿ ನೆಲ್ಲು ಒಣಗಿಸುವ ಡ್ರೈಯರಿನ ದೊಡ್ಡ ಫ್ಯಾನ್ ಮೋಟಾರಿಗೆ ಕೊಡುವ ರೆಕ್ಟಿಫೈಯರ್ ಪೆಟ್ಟಿಗೆ ಮೂವತ್ತು ವರ್ಷದಿಂದ ನನ್ನ ಕೈಯಾಗೇ ಐತಿ. ಸಾಲಿ ಕಲಿತವನಲ್ಲ ನಾನು. ಆದರೂ ನಾನು ಒಮ್ಮೆ ಕೆಮ್ಮಿದರೆ ಸಾಕು, ಮೋಟಾರ್ ಶುರುವಾಗುತ್ತದೆ. ಅದರ ಗಾಳಿಗೆ ದೂರದ ಗೊರೇಬಾಳ ಊರಾಗ ಒಣಹಾಕಿದ ಧೋತರ ಹಾರಿದ್ದನ್ನು ಕಂಡವರು ಇನ್ನೂ ಬದುಕಿದ್ದಾರೆ.

ಈ ಸುಗ್ಗಿಯಲ್ಲಿ ಮಾತ್ರ ಪೆಟ್ಟಿಗೆ ಕಾದ ಹಂಚಿನಂತಾಗಿ ಮೋಟಾರ್ ಮತ್ತೆ ಮತ್ತೆ ನಿಂತಿತು. ಕುದಿಸಿದ ನೆಲ್ಲು ಅವತ್ತೇ ಒಣಗದಿದ್ದರೆ ಹುಳಿ ವಾಸನೆ ಹಿಡಿಯುತ್ತದೆ. ಗಿರಣಿಯ ಸಾಹುಕಾರರು ಗಾಬರಿಯಾಗಿ ಲಿಂಗಸುಗೂರಿನಿಂದ ಒಬ್ಬ ಇಂಜಿನಿಯರ್ ಹೆಣ್ಣುಮಗಳನ್ನು ಕರೆಸಿದರು.

"ನೀ ಯಾಕ ಬಂದಿ ತಂಗಿ? ಇದು ನನ್ನ ಮಾತು ಬಿಟ್ಟು ಯಾರದೂ ಕೇಳಂಗಿಲ್ಲ" ಅಂದೆ.

"ಹಂಗಾರ ತಣ್ಣಗಾಗು ಅಂತ ನೀವ ಹೇಳ್ರಿ ಮುತ್ಯಾ."

ಹೇಳಿದೆ. ಆಗಲಿಲ್ಲ.

ಆಕೆ ಲೈನ್ ಬಂದ್ ಮಾಡಿ, ತಾಮ್ರದ ಪಟ್ಟಿಗಳು ಕೂಡುವಲ್ಲಿ ನಟ್ಟು ಬಿಚ್ಚಿದಳು. ಎರಡು ಪಟ್ಟಿಗಳ ನಡುವೆ ಕೆಂಪು ಬಣ್ಣ ಕಂಡಿತು.

"ಬಣ್ಣದಾಗ ಕರೆಂಟ್ ಹರಿಯಂಗಿಲ್ರಿ. ಮೋಟಾರಿಗೆ ಹೋಗಬೇಕಾದ್ದು ಇಲ್ಲೇ ಬಿಸಿಯಾಗಿ ಹಾಳಾಗಾಕತ್ತೈತಿ. ಯಾರು ಬಳದಾರ ಇದನ್ನ?"

ಈ ಸಲದ ಆಯುಧ ಪೂಜೆಯ ದಿನ ತಾಮ್ರ ಬರಿಮೈಯಲ್ಲಿ ಇರಬಾರದೆಂದು ನಟ್ಟು ಬಿಚ್ಚಿ ಬಳಿದವನು ನಾನೇ.

"ನನಗಿಂತ ಮೊದಲು ಇದ್ದಾತ" ಅಂದೆ.

"ಲೇ ಮುದುಕಾ, ಈ ಪೆಟ್ಟಿಗಿ ಬಂದಾಗಿಂದ ನೀನ ಅದೀಯಲ್ಲೋ!" ಅಂದರು ಹಿಂದೆ ನಿಂತಿದ್ದ ಸಾಹುಕಾರರು.

ಬಣ್ಣ ಉಜ್ಜಿ ತೆಗೆಯುವ ಕೆಲಸ ನನಗೇ ಬಿತ್ತು. ಸಂಜೆಯೊಳಗೆ ನೆಲ್ಲು ಒಣಗಿತು, ಪೆಟ್ಟಿಗೆ ಮುಟ್ಟಿದರೂ ಸುಡಲಿಲ್ಲ. ಆಕೆ ಚಲೋ ಕಲಿತಿದ್ದಾಳೆ, ಒಪ್ಪತೀನಿ. ಆದರೂ ನಾನು ಅಷ್ಟು ಅಚ್ಚುಕಟ್ಟಾಗಿ ಬಳಿದಿರದಿದ್ದರೆ ಆಕೆಗೆ ತಪ್ಪು ಅಷ್ಟು ಬೇಗ ಕಾಣುತ್ತಿತ್ತೇನು?