ಹೊಗೆ ವಾಲಿದ ಕಡೆ

ಬೆಳಗಿನ ಆರು ಗಂಟೆ. ಅರಣ್ಯ ಕಚೇರಿಯ ದಾಖಲೆ ಕೋಣೆಯಲ್ಲಿ ದಫ್ತರದಮ್ಮ ಪೊರಕೆ ಮೂಲೆಗಿಟ್ಟು, ಕೈ ಒರೆಸಿಕೊಂಡು, ಅಂಚು ಸುಟ್ಟ ಪುಸ್ತಕವೊಂದನ್ನು ಬಿಡಿಸುತ್ತಾರೆ. ಈಗಲೂ ಹೊಗೆಯ ವಾಸನೆ. ಪಕ್ಕದ ಕಂಪ್ಯೂಟರಿನಲ್ಲಿ ಕಾಡೊಂದು ಸದ್ದಿಲ್ಲದೆ ಉರಿಯುತ್ತಿದೆ. ನಲವತ್ತು ವರ್ಷದ ಹಿಂದೆ ಆರಿದ ಬೆಂಕಿ ಅದು.

ಕಾಡಿನ ಬೆಂಕಿ ಎತ್ತ ಹೋಗುತ್ತದೆಂದು ಮೊದಲೇ ಹೇಳುವ ಲೆಕ್ಕವೊಂದನ್ನು ಕಂಪ್ಯೂಟರಿಗೆ ಕಲಿಸಿದ್ದಾರೆ. ಅದನ್ನು ನಂಬಬಹುದೇ ಎಂದು ನೋಡಲು ಹಳೆಯ ಬೆಂಕಿಗಳನ್ನೇ ಮತ್ತೆ ಹೊತ್ತಿಸುತ್ತಾರೆ. ಅಂದಿನ ಕಾವಲು ಪುಸ್ತಕದಲ್ಲಿದ್ದಂತೆ ಉರಿದರೆ ಲೆಕ್ಕ ಸರಿ. ಕಾವಲುಗಾರರ ಮಾಸಿದ ಪೆನ್ಸಿಲ್ ಬರಹ ಓದಬಲ್ಲವರು ಈಗ ಈಕೆಯೊಬ್ಬರೇ. ಓದಿದ್ದು ಮೂರನೇ ತರಗತಿ, ಸೇರಿದ್ದು ಕಸ ಗುಡಿಸಲು. ದಿನಕ್ಕೆ ಹದಿನೈದು ಪುಟ ಓದಿ ಹೇಳುತ್ತಾರೆ.

ಮೊದಲಿಗೆ ಎತ್ತಿಕೊಂಡ ಈ ಪುಸ್ತಕ ಅವರ ಅಪ್ಪನದು. ಗುಡ್ಡದ ಪಡುವಣ ತುದಿಯ ಕಾವಲು ಗುಡಿಸಲಲ್ಲಿದ್ದವರು, ಈ ಬೆಂಕಿಯಲ್ಲೇ ಹೋದರು. ಕಬ್ಬಿಣದ ಪೆಟ್ಟಿಗೆಯಲ್ಲಿ ಪುಸ್ತಕ ಉಳಿಯಿತು. ಪರದೆಯಲ್ಲಿ ಮಾತ್ರ ಎಂಟು ದಿನದಿಂದ ಬೆಂಕಿ ಗುಡಿಸಲಿಗೆ ಬೆನ್ನು ಹಾಕಿ ಮೂಡಣಕ್ಕೇ ಓಡುತ್ತಿದೆ.

"ಅಮ್ಮಾ, ನಿಮ್ಮಪ್ಪ ಗಾಬರೀಲಿ ಏನೋ ಗೀಚಿದಾರೆ. ಈ ಪುಸ್ತಕ ಬಿಟ್ಬಿಡೋಣ" ಎನ್ನುತ್ತಾಳೆ ಎಂಜಿನಿಯರ್ ಹುಡುಗಿ.

"ನಮ್ಮಮ್ಮನಿಗೆ ಬೇಕಾದಷ್ಟು ಸುಳ್ಳು ಹೇಳಿದಾರೆ ಕಣಮ್ಮ. ಪುಸ್ತಕಕ್ಕೆ ಹೇಳಿಲ್ಲ."

ದಫ್ತರದಮ್ಮ ಪುಸ್ತಕವನ್ನು ಹುಡುಗಿಯತ್ತ ತಿರುಗಿಸುತ್ತಾರೆ. ಅವರ ಬೆರಳು 'ಗಾಳಿ: ಪಡುವಣ' ಎಂಬಲ್ಲಿ ನಿಂತಿದೆ.

"ಮೊದಲ್ನೇ ದಿನಾನೇ ಗೊತ್ತಾಯ್ತು ನಂಗೆ. ನೀವು ಪಡುವಣದಿಂದ ಬಂದ ಗಾಳಿ ಅಂತ ಹಾಕಿದೀರ. ಕಾವಲಿನವರು ಗಾಳಿ ಎಲ್ಲಿಂದ ಬಂತು ಅಂತ ಬರೀತಿರ್ಲಿಲ್ಲ. ಹೊಗೆ ಯಾವ ಕಡೆ ವಾಲ್ತೋ ಅದನ್ನ ಬರೀತಿದ್ರು."

"ಅಯ್ಯೋ, ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ದಿನಾ ಬೆಳಿಗ್ಗೆ ಗುಡಿಸ್ಲು ಸುಡದೆ ನಿಂತಿರ್ತಿತ್ತು. ಒಳಗೆ ಅಪ್ಪ ಕೂತಿದಾರೆ ಅನ್ಸೋದು. ಬಾಯಿ ಬರ್ಲಿಲ್ಲ. ಈಗ ಅವರನ್ನ ಸುಳ್ಳ ಅಂತ ಆಚೆ ಇಡ್ತೀರಲ್ಲ... ತಿರುಗ್ಸಮ್ಮ ಗಾಳೀನ."

ಹುಡುಗಿ ಗಾಳಿ ತಿರುಗಿಸುತ್ತಾಳೆ. ಕೆಂಪು ಗೆರೆ ಒಂದು ಕ್ಷಣ ತಡೆದು, ಏನೋ ಮರೆತವರಂತೆ ಹಿಂದಿರುಗುತ್ತದೆ. ಹಳ್ಳ ದಾಟುತ್ತದೆ. ಗುಡ್ಡ ಹತ್ತುತ್ತದೆ. ದಫ್ತರದಮ್ಮ ಸೆರಗು ಬಾಯಿಗೊತ್ತಿಕೊಂಡು ನಿಂತೇ ನೋಡುತ್ತಾರೆ. ಗುಡಿಸಲಿನ ಚುಕ್ಕಿ ಮುಳುಗುತ್ತದೆ. ಪರದೆಯ ಗಡಿಯಾರದಲ್ಲಿ ಮಧ್ಯಾಹ್ನ ಮೂರೂ ಮೂವತ್ತೈದು.

ಪುಸ್ತಕದ ಕೊನೆಯ ಸಾಲು: 'ಮೂರೂ ನಲವತ್ತು. ಬಾಗಿಲಿಗೆ ಬಂತು.'

"ಐದೇ ನಿಮಿಷ ವ್ಯತ್ಯಾಸ ಅಮ್ಮ" ಎನ್ನುವ ಹುಡುಗಿಯ ದನಿ ಇಳಿದಿದೆ. "ಅಷ್ಟು ಬಿಟ್ರೆ ಸರಿಯಾಗೇ ಇದೆ."

"ಅದೂ ಸರೀನೇ ಇದೆ" ಎಂದು ದಫ್ತರದಮ್ಮ ಪುಸ್ತಕ ಮುಚ್ಚುತ್ತಾರೆ. "ಅಪ್ಪ ಗಡಿಯಾರಾನ ಐದು ನಿಮಿಷ ಮುಂದೆ ಇಟ್ಕೊಂಡಿರ್ತಿದ್ರು. ನಾನು ಸ್ಕೂಲಿಗೆ ತಡ ಆಗ್ಬಾರ್ದು ಅಂತ."