ಗೇಟಿನವರೆಗಿನ ಚರಿತ್ರೆ

ಗ್ರೀಸಿನ ಕವಾಲಾದ ಬಸ್ ಡ್ರೈವರ್ ಅರ್ಗೀರಿಸ್ ಆರನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು. ಆದರೂ ಹತ್ತಿರದ ಹಳೇ ಪಟ್ಟಣ ಫಿಲಿಪ್ಪಿಯ ವಿಷಯ ಬಂದರೆ ಅವನೆದುರು ಯಾರೂ ಬಾಯಿ ಬಿಡುವಂತಿರಲಿಲ್ಲ. ಫಿಲಿಪ್ ದೊರೆ ಚಿನ್ನದ ಗಣಿಯ ಆಸೆಗೆ ಬಿದ್ದು ಊರು ಹಿಡಿದು ತನ್ನ ಹೆಸರಿಟ್ಟದ್ದು, ಅಲ್ಲಿನ ಯುದ್ಧದಲ್ಲಿ ಬ್ರೂಟಸ್ ಸೋತನೆಂದು ತಪ್ಪು ತಿಳಿದು ಕ್ಯಾಸಿಯಸ್ ಪ್ರಾಣ ಕಳೆದುಕೊಂಡದ್ದು, ಸಂತ ಪೌಲ ಹಡಗಿಳಿದು ರೋಮನ್ನರ ಹೆದ್ದಾರಿ ಹಿಡಿದು ನಡೆದದ್ದು, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಕಲಿಸಿದವಳು ಹೆಂಡತಿ ಪೊಲಿಕ್ಸೆನಿ. ಅವಳು ಗೈಡು. ಸೈಪ್ರಸ್ಸಿನಿಂದ ಬರುವ ಚರ್ಚಿನ ತಂಡಗಳಿಗೆ ಪೌಲ ನಡೆದ ಊರುಗಳನ್ನು ತೋರಿಸುತ್ತಿದ್ದಳು. ಹತ್ತೊಂಬತ್ತು ವರ್ಷ ಪಕ್ಕದ ಸೀಟಿನಲ್ಲಿ ಮೈಕು ಹಿಡಿದು ಅವಳು ಹೇಳಿದ್ದನ್ನೆಲ್ಲ ಇವನು ಬಸ್ಸು ಓಡಿಸುತ್ತಲೇ ಕೇಳಿದ.

ಆದರೆ ಅವನ ಚರಿತ್ರೆ ಗೇಟಿನವರೆಗೆ ಮಾತ್ರ. ಹಾಳುಬಿದ್ದ ಫಿಲಿಪ್ಪಿಯ ಗೇಟಿನ ಮುಂದೆ ಬಸ್ಸು ನಿಂತರೆ ಮೈಕು ಬಂದ್. "ಟೋಪಿ ಹಾಕ್ಕೊಳ್ಳಿ, ನೀರು ಮರೀಬೇಡಿ" ಎಂದು ಜನರಿಗೂ, "ಒಂದೇ ಕಾಫಿ, ಆಯ್ತಾ? ಬೀಪಿ ಇದೆ ನಿಂಗೆ" ಎಂದು ಗಂಡನಿಗೂ ಹೇಳಿ ಅವಳು ಒಳಗೆ ಹೋಗುತ್ತಿದ್ದಳು. ಡ್ರೈವರಾದವನು ಬಸ್ಸು ಬಿಟ್ಟು ಕದಲುವಂತಿಲ್ಲ. ಮರದಡಿ ಉಳಿದ ಡ್ರೈವರುಗಳ ಜೊತೆ ಕೂತು ಅವನು ಮೂರು ಕಾಫಿ ಕುಡಿದು, ಅವಳು ಬರುವಷ್ಟರಲ್ಲಿ ಎರಡು ಕಪ್ಪು ಅತ್ತ ಸರಿಸಿರುತ್ತಿದ್ದ.

"ಒಳಗೆ ಏನೇನ್ ಹೇಳ್ತೀಯೇ ಅವರಿಗೆ?" ಎಂದು ಮನೆಯಲ್ಲಿ ಕೇಳಿದರೆ, "ಒಂದಿನ ಬಂದು ಕೇಳು ಮಾರಾಯ. ಬಸ್ಸೇನು ಓಡಿಹೋಗುತ್ತಾ?" ಎನ್ನುತ್ತಿದ್ದಳು.

"ಚಳಿಗಾಲ ಬರ್ಲಿ ತಡಿ."

ಚಳಿಗಾಲದಲ್ಲಿ ತಂಡಗಳೇ ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಕಳೆದ ಜನವರಿಯಲ್ಲಿ ಪೊಲಿಕ್ಸೆನಿ ತೀರಿಕೊಂಡಳು. ಮಣ್ಣು ಮಾಡಿ ಬಂದು ಅರ್ಗೀರಿಸ್ ಎಲ್ಲರಂತೆ ಬ್ರಾಂದಿ ಕುಡಿದ, ಮೀನಿನ ಸಾರು ಉಂಡ. ಉಪ್ಪು ಹೆಚ್ಚಾಗಿದೆ ಎಂದೂ ಹೇಳಿದ. ನಲವತ್ತನೇ ದಿನ ಅವಳ ಹೆಸರಿನಲ್ಲಿ ಬೇಯಿಸಿದ ಗೋಧಿ ಹಂಚುವಾಗಲೂ ಕಣ್ಣು ಒಣಗಿಯೇ ಇತ್ತು. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯಂತೆ ಒಳಗೆಲ್ಲ ಜೋಮು. ನಾದಿನಿಯರು ಗುಸುಗುಸು ಮಾಡಿದರು. ಅವನನ್ನು ಬಾಧಿಸುತ್ತಿದ್ದದ್ದು ಒಂದೇ: ಗೇಟಿನಾಚೆಗಿನ ಅರ್ಧ ಅವಳ ಜೊತೆಗೇ ಹೋಯಿತು, ತಾನು ಕೇಳಲೇ ಇಲ್ಲ.

ಏಪ್ರಿಲ್ಲಿನಲ್ಲಿ ಮತ್ತೆ ತಂಡಗಳು ಬಂದವು. ಪಕ್ಕದ ಸೀಟಿಗೆ ಮಿರ್ಸಿನಿ ಬಂದಳು. ಎರಡು ಬೇಸಿಗೆ ಪೊಲಿಕ್ಸೆನಿಯ ಹಿಂದೆ ತಿರುಗಿ ಕೆಲಸ ಕಲಿತ ಹುಡುಗಿ. ಮರದಡಿಯ ಗೆಳೆಯರು ಮಾತಾಡಿಸಲೆಂದು ಹಳೇ ಕೀಟಲೆಯನ್ನೇ ತೆಗೆದರು. "ಏನ್ ಪ್ರೊಫೆಸರ್ರೇ, ಬ್ರೂಟಸ್ ಇವತ್ತಾದ್ರೂ ಗೆದ್ನಾ?" ಅವನು "ಇಲ್ಲ" ಎಂದು ಕಾಫಿ ಕುಡಿದ. ಈಗ ಕಪ್ಪು ಸರಿಸುವ ಅಗತ್ಯವಿರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಮಿರ್ಸಿನಿ ಗೇಟಿನಿಂದ ವಾಪಸು ಓಡಿಬಂದಳು. ಗಾಲಿಕುರ್ಚಿಯಲ್ಲಿದ್ದ ಅಜ್ಜಿಯೊಬ್ಬಳನ್ನು ತಳ್ಳಿಕೊಂಡು ಬಂದಿದ್ದ ಮಗನಿಗೆ ಕಾಲು ಉಳುಕಿತ್ತು.

"ಮಾಮ, ನೀವೇ ತಳ್ಕೊಂಡ್ ಬನ್ನಿ. ಅಜ್ಜಿ ಮಗ ಬಸ್ಸು ನೋಡ್ಕೊಂಡ್ ಕೂತಿರ್ತಾರೆ."

ನೆಪ ಹೇಳಲು ಏನೂ ಉಳಿದಿರಲಿಲ್ಲ. ಅರ್ಗೀರಿಸ್ ಕುರ್ಚಿ ಹಿಡಿದ.

"ನಿಧಾನಕ್ಕಪ್ಪ, ನಾನೇನು ಈರುಳ್ಳಿ ಮೂಟೆನಾ?" ಎಂದು ಅಜ್ಜಿ ದಾರಿಯುದ್ದಕ್ಕೂ ಗದರಿದಳು. ಪೌಲನನ್ನು ಕೂಡಿಹಾಕಿದ್ದರೆನ್ನುವ ಸೆರೆಮನೆ ಬಂತು, ಎಂಟು ಮೂಲೆಯ ಚರ್ಚಿನ ನೆಲ ಬಂತು. ಮಿರ್ಸಿನಿ ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿದಳು. ಅವನು ಕಿವಿಗೊಟ್ಟು ಕೇಳಿದ. ಪುಸ್ತಕದಲ್ಲಿರುವ ಮಾತುಗಳು. ಒಳಗೆ ಏನೂ ಅಲುಗಲಿಲ್ಲ. ಇಷ್ಟೇನಾ ಎನಿಸಿತು.

ರೋಮನ್ನರ ಚೌಕದಲ್ಲಿ ಅವಳು ಬಗ್ಗಿ ಒಂದು ಚಪ್ಪಡಿಯ ಮಣ್ಣು ಒರೆಸಿದಳು. ಕಲ್ಲಿನಲ್ಲಿ ಸಾಲುಮನೆ ಆಟದಂಥ ಗೆರೆಗಳು.

"ಇಲ್ಲಿ ನಮ್ಮ ಮೇಡಂ ಹೇಳ್ತಿದ್ದದ್ದನ್ನೇ ಹೇಳ್ತೀನಿ" ಎಂದವಳು ಅರ್ಗೀರಿಸನನ್ನು ನೋಡಿ ತಡವರಿಸಿದಳು.

"ಹೇಳಮ್ಮ" ಎಂದ ಅವನು.

"'ಒಳಗೆ ದೊಡ್ಡವರು ನ್ಯಾಯ ಮಾಡ್ತಿದ್ರೆ, ಹೊರಗೆ ಕಾಯೋರು ಇದನ್ನ ಕೆತ್ತಿ ಆಡ್ತಿದ್ರು. ನಂಗೂ ಒಬ್ಬ ಹೊರಗೆ ಕಾಯ್ತಾ ಇದ್ದಾನೆ. ಮೂರನೇ ಕಾಫಿಗೆ ಕೈ ಹಾಕೋ ಮುಂಚೆ ನಡೀರಿ, ಹೋಗೋಣ.' ಹಾಗಂತ ಹೇಳಿ ಜನರನ್ನ ಓಡಿಸ್ಕೊಂಡು ಹೋಗ್ತಿದ್ರು. ಈ ಕಡೆಯ ಸಾಲುಗಂಬಗಳನ್ನ ಎಷ್ಟೋ ಸಲ ಯಾರಿಗೂ ತೋರಿಸ್ಲೇ ಇಲ್ಲ."

ಜನ ನಕ್ಕರು. ಗಾಲಿಕುರ್ಚಿ ಅಲ್ಲಾಡತೊಡಗಿತು.

"ಯಾಕಪ್ಪ, ಏನಾಯ್ತು?" ಎಂದು ಅಜ್ಜಿ ಕತ್ತು ತಿರುಗಿಸಿದಳು.

"ಕುಡಿದೇಬಿಟ್ಟಿರ್ತಿದ್ದೆ ಅಜ್ಜಿ" ಎಂದ ಅರ್ಗೀರಿಸ್. ಕಣ್ಣೀರು ಗಲ್ಲ ದಾಟಿತ್ತು. "ಅವಳು ಬರೋಷ್ಟರಲ್ಲಿ ದಿನಾ ಮೂರೂ ಕುಡಿದೇಬಿಟ್ಟಿರ್ತಿದ್ದೆ."