ಮೂಲೆಯಿಲ್ಲದ ಬಟ್ಟೆ

ಮೊನ್ನೆ ದುಂಡು ಮೇಜಿಗೊಂದು ಬಟ್ಟೆ ಹೊಲಿಯೋಣವೆಂದು ಹೊಸ ಬಟ್ಟೆಯ ಮಡಿಕೆ ಬಿಚ್ಚಿದೆ. ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಕೌದಿ ಕಾಕು ನೆನಪಾದರು...

ಶಹಾಪುರದಲ್ಲಿ ನಮ್ಮ ಮನೆಯ ಹಿಂದಿನ ಮನೆ ಅವರದು. ಬೆಳಗ್ಗೆ ಹೊಲದ ಕೆಲಸ. ಬಿಸಿಲೇರಿದ ಮೇಲೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದು. ನಾನು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದೆ. ಆಗ ಕಾಲುವೆಗೆ ನೀರು ಬಿಟ್ಟ ಹೊಸತು. ಕಾಕು ತಮ್ಮ ಒಬ್ಬಳೇ ಮಗಳನ್ನು ನಾರಾಯಣಪುರದ ಕಾಲುವೆ ನೌಕರನಿಗೆ ಕೊಟ್ಟಿದ್ದರು. ಕ್ವಾರ್ಟರ್ಸ್ ಸೇರಿದ ಮೇಲೆ ಆಕೆ ತವರಿಗೆ ಬಂದಿರಲಿಲ್ಲ. ತಾಯಿ ಕಳಿಸಿದ ಕೌದಿಯನ್ನೂ, ಇಲ್ಲಿ ಇಂಥದ್ದನ್ನು ಯಾರೂ ಹಾಸುವುದಿಲ್ಲವೆಂದು ವಾಪಸು ಕಳಿಸಿದ್ದಳು.

ಒಂದು ಸಂಜೆ ಕಾಕು ಬಿಳಿ ಬಟ್ಟೆ ಹಿಡಿದು ಬಂದರು.

“ಅಕ್ಕೋರ, ಮಗಳ ಮನ್ಯಾಗ ದುಂಡನ ಮೇಜ ಅದಂತ್ರಿ. ಅದಕ್ಕ ಬಟ್ಟಿ ಹೊಲ್ದು ಕೊಟ್ರರ ಇಟ್ಕೋತಾಳೋ ಏನೋ.”

ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದೆ. ಮಡಿಕೆಗಳು ಕೂಡಿದ ಮೂಲೆಗೆ ದಾರ ಹಿಡಿದು, ಇನ್ನೊಂದು ತುದಿಗೆ ಕಟ್ಟಿದ ಸೀಮೆಸುಣ್ಣದಿಂದ ಕಮಾನು ಎಳೆದು ಕತ್ತರಿಸಿದೆ. ಬಿಚ್ಚಿದರೆ ದುಂಡಾಗಿತ್ತು. “ರೊಟ್ಟಿನ ಆತಲ್ರಿ!” ಎಂದು ಕಾಕು ನಕ್ಕರು. ಕಷ್ಟವೆಲ್ಲ ಅಂಚಿನದು. ದುಂಡಂಚನ್ನು ಮಡಚಿದರೆ ನೆರಿಗೆ ಬೀಳುತ್ತದೆ. ಮೊದಲು ಕಚ್ಚಾ ಹೊಲಿಗೆ ಹಾಕಿ, ದಾರವನ್ನು ಅಲ್ಲಲ್ಲಿ ಎಳೆದು ನೆರಿಗೆಯನ್ನು ಸಮನಾಗಿ ಹಂಚಬೇಕು. ಹೇಳಿಕೊಟ್ಟೆ. ಶಾಲೆ ಬಿಟ್ಟ ಮೇಲೆ ದಿನಾ ನಮ್ಮ ಕಟ್ಟೆಯ ಮೇಲೆ ಕೂತು ಹೊಲಿದರು.

ಬೆರಳಷ್ಟು ಅಂಚು ಉಳಿದಾಗ ಸೂಜಿ ನಿಲ್ಲಿಸಿದರು. ಬಟ್ಟೆಯನ್ನು ಸುತ್ತಲೂ ತಿರುಗಿಸಿ ನೋಡಿದರು.

“ತುತ್ತು ಎಲ್ಲಿ ಇಡಲಿ? ಇದಕ್ಕ ಮೂಲೀನ ಇಲ್ಲಲ್ರಿ.”

ಕೌದಿ ಮುಗಿಸುವಾಗ ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರಿಟ್ಟು ಹೊಲಿಯುವುದು ಅವರ ಪದ್ಧತಿ. ಕೌದಿ ಹಸಿದಿರಬಾರದಂತೆ.

“ಇದು ಮೇಜಿನ ಬಟ್ಟಿ ಕಾಕು, ದಿನಾ ಇದರ ಮ್ಯಾಲೇ ಊಟ ಇಡ್ತಾರ,” ಎಂದೆ.

“ನೀಡಿದ್ರ ನೀಡಾಕಿ ಹೊಟ್ಟಿ ತುಂಬತದೇನ್ರಿ?”

ರೊಟ್ಟಿಯಾದರೆ ಇರುವೆ ಹತ್ತುತ್ತವೆಂದು ಜೋಳದ ಕಾಳುಗಳನ್ನು ಅಂಚಿನೊಳಗೆ ತುರುಕಿ ಹೊಲಿಗೆ ಮುಗಿಸಿದರು. ನಾರಾಯಣಪುರಕ್ಕೆ ಹೊರಟವರ ಕೈಯಲ್ಲಿ ಕಳಿಸಿದರು. ಇದೂ ವಾಪಸು ಬರುತ್ತದೋ ಏನೋ ಎಂದು ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದರು.

ಕೆಲವು ವಾರ ಕಳೆದು ಮಗಳೇ ಬಂದಳು, ಬಟ್ಟೆ ಕೈಯಲ್ಲಿ ಹಿಡಿದು.

“ಯವ್ವಾ, ಏನ್ ತುಂಬೀದಿ ಇದರಾಗ? ಒಗದು ಹಸಿ ಇದ್ದಾಗನ ಮಡಚಿ ಇಟ್ಟಿದ್ದೆ, ಅಂಚಿನ್ಯಾಗ ಮೊಳಕಿ ಒಡದಾವ! ಮೇಜಿನ ಮ್ಯಾಲ ಬಿತ್ತಿಗಿ ಮಾಡೀರೇನು ಅಂತ ಸಾಹೇಬ್ರ ಹೆಂಡ್ತಿ ನಕ್ಕಳು!”

ಕಾಕು ಬಗ್ಗಿ ಅಂಚು ನೋಡಿದರು. “ಬೀಜ ಚಲೋ ಅದ ನೋಡು,” ಎಂದರು.

ಮಗಳು ಅಂಗಳದಲ್ಲಿ ನಿಂತೇ ಬೈದಳು. ಬೈದು ಬೈದು ಗಂಟಲೊಣಗಿ ನೀರು ಕೇಳಿದಳು. ಆಮೇಲೆ ರೊಟ್ಟಿ ಕೇಳಿದಳು. ಎಂಟು ದಿನ ಉಳಿದಳು. ಆ ರಂಪದ ನಡುವೆಯೇ ಕಾಕು ಗೋಡೆಯ ಬಳಿ ಬಂದು ನನಗೆ ಮೆಲ್ಲಗೆ ಹೇಳಿದ್ದರು: “ಬೈಯಾಕರ ಬಂದಳಲ್ರಿ, ಅಕ್ಕೋರ.”

ಕಾಕು ಹೋಗಿ ಬಹಳ ವರ್ಷಗಳಾದವು. ಒಂದು ಸಂಗತಿ ಮಾತ್ರ ನನಗೆ ಇಂದಿಗೂ ಬಗೆಹರಿದಿಲ್ಲ. ಜೀವಮಾನವೆಲ್ಲ ಬಿತ್ತಿದ ಹೆಂಗಸು. ನೀರು ತಾಗಿದರೆ ಜೋಳ ಮೊಳೆಯುತ್ತದೆಂದು ಅವರಿಗೆ ಗೊತ್ತಿರಲಿಲ್ಲವೇ? ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ... ಶಾಲೆ, ಪರೀಕ್ಷೆ, ಮನೆಗೆಲಸ ಎಂದು ಮುಂದೂಡಿದೆ. ಈಗ ಹೇಳುವವರಿಲ್ಲ.